ಆನ್‌ಲೈನ್ ಡಾಕ್ಟರೇಟ್ ಮತ್ತು ಅದರ ಮಾನ್ಯತೆ

ವಿಶ್ವವಿದ್ಯಾಲಯದ ಆವರಣಕ್ಕೆ ಹೋಗದೆ, ಅಂಚೆಯ ಮೂಲಕವೋ ಅಂತರಜಾಲದ ಮೂಲಕವೋ ಸಂಶೋಧನೆ ಮುಗಿಸಿ ಪಡೆದ ಡಾಕ್ಟರೇಟ್ ಪದವಿಯನ್ನು ಯಾರು, ಯಾವ ಆಧಾರದ ಮೇಲೆ ಒಪ್ಪಬೇಕು? ಈ ಪ್ರಶ್ನೆ ಇಂಟರ್‌ನೆಟ್‌ಗಿಂತ ಬಹಳ ಹಳೆಯದು. ಅಮೆರಿಕ ಇದರೊಡನೆ ಸುಮಾರು ಒಂದೂವರೆ ಶತಮಾನದಿಂದ ಏಗುತ್ತ ಬಂದಿದೆ. ಅಲ್ಲಿ ಮಾನ್ಯತೆ ಸಿಗುವುದು ಸಂಸ್ಥೆಗೆ. ಆ ಸಂಸ್ಥೆಯಲ್ಲಿ ಸಿದ್ಧವಾದ ಒಂದೊಂದು ಮಹಾಪ್ರಬಂಧವನ್ನೂ ಮಾನ್ಯತೆ ಕೊಡುವವರು ಓದುವುದಿಲ್ಲ. ಆದರೆ ಡಾಕ್ಟರೇಟ್‌ನ ಮರ್ಯಾದೆ ಇರುವುದು ಆ ಪ್ರಬಂಧದಲ್ಲಿ, ಅದನ್ನು ಸಾಲುಸಾಲಾಗಿ ಓದಿ ತಿದ್ದುವ ಮಾರ್ಗದರ್ಶಕರಲ್ಲಿ. ಈ ಇತಿಹಾಸದಲ್ಲಿ ಕಾಣುವ ಮೋಸ, ವ್ಯಾಜ್ಯ, ಕಾನೂನುಗಳ ಬಹುಪಾಲು ಹುಟ್ಟಿದ್ದು ಇವೆರಡರ ನಡುವಿನ ಕಂದಕದಲ್ಲಿ.

ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್ ಊರಿನಲ್ಲಿರುವ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯ 1870ರ ದಶಕದಲ್ಲೇ ಹೊರಗಿನಿಂದ ಓದುವವರಿಗೆ ಪಿಎಚ್.ಡಿ. ಕೊಡಲು ಆರಂಭಿಸಿತ್ತು. ಲಂಡನ್ ವಿಶ್ವವಿದ್ಯಾಲಯದ ಬಾಹ್ಯ ಪರೀಕ್ಷೆಗಳೇ ಅದಕ್ಕೆ ಮಾದರಿ. ಪಾದ್ರಿಗಳು, ಶಾಲಾ ಮೇಷ್ಟ್ರುಗಳು ಗೊತ್ತುಪಡಿಸಿದ ಪುಸ್ತಕಗಳನ್ನು ತಮ್ಮ ಊರಿನಲ್ಲೇ ಓದಿ, ಪರೀಕ್ಷೆ ಬರೆದು, ಪ್ರಬಂಧವನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಇದನ್ನು ಮೋಸ ಎನ್ನುವಂತಿರಲಿಲ್ಲ, ಓದು ನಿಜವಾಗಿಯೇ ನಡೆಯುತ್ತಿತ್ತು. ಆದರೂ ಉಳಿದ ವಿಶ್ವವಿದ್ಯಾಲಯಗಳ ಟೀಕೆ ಜೋರಾಗಿ, 1910ರ ಹೊತ್ತಿಗೆ ಈ ವ್ಯವಸ್ಥೆ ಮುಚ್ಚಿಹೋಯಿತು. ಆ ಕಾಲದಲ್ಲಿ ಅಮೆರಿಕದ ಡಾಕ್ಟರೇಟ್‌ಗಳನ್ನು ಯುರೋಪು ಅನುಮಾನದಿಂದ ನೋಡುತ್ತಿತ್ತು. 1900ರಲ್ಲಿ 14 ವಿಶ್ವವಿದ್ಯಾಲಯಗಳು ಷಿಕಾಗೋದಲ್ಲಿ ಸೇರಿ ಅಮೆರಿಕನ್ ವಿಶ್ವವಿದ್ಯಾಲಯಗಳ ಸಂಘವನ್ನು ಕಟ್ಟಿಕೊಂಡದ್ದರ ಹಿಂದೆ, ಅಗ್ಗದ ಪಿಎಚ್.ಡಿ.ಗಳಿಂದ ತಮ್ಮ ಪದವಿಗೆ ಕೆಟ್ಟ ಹೆಸರು ಬರುತ್ತಿದೆ ಎಂಬ ಆತಂಕವೂ ಇತ್ತು.

ಅಮೆರಿಕದಲ್ಲಿ ಮಾನ್ಯತೆ ಕೊಡುವುದು ಸರ್ಕಾರವಲ್ಲ. ಶಾಲಾ ಕಾಲೇಜುಗಳೇ ಸೇರಿ ಮಾಡಿಕೊಂಡ ಪ್ರಾದೇಶಿಕ ಸಂಘಗಳು ಆ ಕೆಲಸ ಮಾಡುತ್ತ ಬಂದವು. ನ್ಯೂ ಇಂಗ್ಲೆಂಡ್ ಸಂಘ 1885ರಲ್ಲಿ, ನಾರ್ತ್ ಸೆಂಟ್ರಲ್ ಸಂಘ 1895ರಲ್ಲಿ ಹುಟ್ಟಿದವು. ನಾರ್ತ್ ಸೆಂಟ್ರಲ್ ತಾನು ಒಪ್ಪಿದ ಕಾಲೇಜುಗಳ ಮೊದಲ ಪಟ್ಟಿಯನ್ನು 1913ರಲ್ಲಿ ಹೊರಡಿಸಿತು. ಸರ್ಕಾರ ನಡುವೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ನಿವೃತ್ತ ಸೈನಿಕರ ಓದಿಗೆ ಕೊಟ್ಟ ಹಣ ಬೋಗಸ್ ಸಂಸ್ಥೆಗಳ ಪಾಲಾಗುತ್ತಿದೆ ಎಂದು ತಿಳಿದಾಗ, ಯಾವ ಮಾನ್ಯತಾ ಸಂಘಗಳನ್ನು ನಂಬಬಹುದು ಎಂಬ ಪಟ್ಟಿ ಮಾಡಲು 1952ರ ಕಾನೂನು ಶಿಕ್ಷಣ ಆಯುಕ್ತರಿಗೆ ಹೇಳಿತು. 1965ರ ಉನ್ನತ ಶಿಕ್ಷಣ ಕಾಯ್ದೆ ಫೆಡರಲ್ ಸಾಲ ಮತ್ತು ಸಹಾಯಧನವನ್ನು ಮಾನ್ಯತೆಗೆ ಕಟ್ಟಿಹಾಕಿತು. ಅಂದಿನಿಂದ ಮಾನ್ಯತೆ ಗೌರವದ ಜೊತೆಗೆ ದುಡ್ಡಿನ ಪ್ರಶ್ನೆಯೂ ಆಯಿತು.

ಕೆಲಸ ನಡೆಯುವ ರೀತಿ ಹೀಗೆ: ಸಂಸ್ಥೆ ತನ್ನ ಬಗ್ಗೆ ತಾನೇ ದೀರ್ಘ ವರದಿ ಬರೆದುಕೊಡಬೇಕು. ಬೇರೆ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರ ತಂಡವೊಂದು ಕೆಲವು ದಿನ ಬಂದು ಅಧ್ಯಾಪಕರ ಅರ್ಹತೆ, ಗ್ರಂಥಾಲಯ, ಲೆಕ್ಕಪತ್ರಗಳನ್ನು ನೋಡುತ್ತದೆ. ಡಾಕ್ಟರೇಟ್ ಇದ್ದರೆ ಮಾದರಿಗೆಂದು ಕೆಲವು ಪ್ರಬಂಧಗಳನ್ನು ತೆರೆಸಿ ನೋಡುವುದುಂಟು. ಒಮ್ಮೆ ಪೂರ್ಣ ಮಾನ್ಯತೆ ಸಿಕ್ಕರೆ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ನವೀಕರಣ.

1960 ಮತ್ತು 70ರ ದಶಕಗಳಲ್ಲಿ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ನೌಕರಿಯಲ್ಲಿದ್ದ ನಡುವಯಸ್ಸಿನವರು ಕೆಲಸ ಬಿಡದೆ ಡಾಕ್ಟರೇಟ್ ಮಾಡಲು ದಾರಿ ಹುಡುಕುತ್ತಿದ್ದರು. ಫ್ಲಾರಿಡಾದ ನೋವಾ ಸಂಸ್ಥೆ 1964ರಲ್ಲಿ ಆರಂಭವಾಗಿ, 1972ರ ಹೊತ್ತಿಗೆ ಶಾಲಾ ಆಡಳಿತಗಾರರಿಗೆ ಅವರವರ ಊರುಗಳಲ್ಲೇ ಡಾಕ್ಟರೇಟ್ ಪಾಠ ನಡೆಸಿತು. ನೇಪಲ್ಸ್ ಎಂಬ ಫ್ಲಾರಿಡಾದ ಕಡಲೂರಿನಲ್ಲಿ ಬರ್ನಾರ್ಡ್ ಮತ್ತು ರೀಟಾ ಟರ್ನರ್ ದಂಪತಿ 1970ರಲ್ಲಿ ವಾಲ್ಡನ್ ಸಂಸ್ಥೆಯನ್ನು ಕಟ್ಟಿದರು. ಬೇಸಿಗೆಯಲ್ಲಿ ಕೆಲವು ವಾರ ಒಂದೆಡೆ ಸೇರುವುದು, ಉಳಿದ ವರ್ಷವಿಡೀ ಮಾರ್ಗದರ್ಶಕರೊಡನೆ ಪತ್ರ ಮತ್ತು ದೂರವಾಣಿ, ಇದು ಅದರ ಪದ್ಧತಿ. 1982ರಲ್ಲಿ ಅದು ಮಿನಸೋಟಾ ರಾಜ್ಯಕ್ಕೆ ಹೋಯಿತು. ನಾರ್ತ್ ಸೆಂಟ್ರಲ್ ಮಾನ್ಯತೆ ಸಿಕ್ಕಿದ್ದು 1990ರಲ್ಲಿ, ಎಂದರೆ ಹುಟ್ಟಿದ ಇಪ್ಪತ್ತು ವರ್ಷಕ್ಕೆ. ಅದಕ್ಕೂ ಮೊದಲು ಪದವಿ ಪಡೆದವರು ಮಾನ್ಯತೆ ಇಲ್ಲದ ಡಾಕ್ಟರೇಟ್ ಹಿಡಿದು ವರ್ಷಗಟ್ಟಲೆ ಕಾಯಬೇಕಾಯಿತು. ಸಾಂತಾ ಬಾರ್ಬರಾದಲ್ಲಿ 1974ರಲ್ಲಿ ಆರಂಭವಾದ ಫೀಲ್ಡಿಂಗ್ ಸಂಸ್ಥೆಯ ದಾರಿ ಇನ್ನೂ ಕಠಿಣ. ಅದು ವಿಶ್ವವಿದ್ಯಾಲಯದ ಮಾನ್ಯತೆಯ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಕ್ಕೆ ಅಮೆರಿಕನ್ ಮನಶ್ಶಾಸ್ತ್ರ ಸಂಘದ ಒಪ್ಪಿಗೆಯನ್ನೂ ಪಡೆಯಿತು. ವಿದ್ಯಾರ್ಥಿಗಳು ಆಗಾಗ ಎದುರುಬದುರು ಸೇರಿ ತರಬೇತಿ ಪಡೆಯುವ ಏರ್ಪಾಡು ಅಲ್ಲಿತ್ತು. ಪೂರ್ತಿ ಆನ್‌ಲೈನ್‌ನಲ್ಲೇ ನಡೆಯುವ ಡಾಕ್ಟರೇಟ್‌ಗೆ ಆ ಸಂಘ ಇಂದಿಗೂ ಮಾನ್ಯತೆ ಕೊಡುವುದಿಲ್ಲ. ರೋಗಿಯ ಮುಂದೆ ಕೂರಬೇಕಾದವರನ್ನು ಪರದೆಯ ಮೂಲಕವಷ್ಟೇ ತಯಾರು ಮಾಡಲಾಗದು ಎಂಬ ಆ ನಿಲುವು ಸರಿಯಾದದ್ದು.

ಈ ಸಂಸ್ಥೆಗಳು ಕಷ್ಟಪಟ್ಟು ಮಾನ್ಯತೆ ಗಳಿಸುತ್ತಿದ್ದ ಕಾಲದಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಮಾನ್ಯತೆ ಇಲ್ಲದೆಯೂ, ಬರಿಯ ರಾಜ್ಯ ಪರವಾನಗಿಯ ಬಲದ ಮೇಲೆ ಪಿಎಚ್.ಡಿ. ಕೊಡುವ ಸಂಸ್ಥೆಗಳು ಬೆಳೆದವು. ಅವುಗಳಲ್ಲಿ ಹೆಸರಾದದ್ದು 1978ರಲ್ಲಿ ತೆರೆದ ಕೊಲಂಬಿಯಾ ಪೆಸಿಫಿಕ್ ವಿಶ್ವವಿದ್ಯಾಲಯ. 1990ರ ದಶಕದ ಮಧ್ಯದಲ್ಲಿ ರಾಜ್ಯ ಅದರ ಪರವಾನಗಿ ನಿರಾಕರಿಸಿ ನ್ಯಾಯಾಲಯಕ್ಕೆ ಹೋದಾಗ ಸರ್ಕಾರದ ಕಡೆಯವರು ತೋರಿಸಿದ ಉದಾಹರಣೆಗಳನ್ನು ಗಮನಿಸಬೇಕು. ಸ್ಪ್ಯಾನಿಷ್ ಭಾಷೆಯಲ್ಲಿ ಬರೆದ ಒಂದು ಪ್ರಬಂಧವನ್ನು ಆ ಭಾಷೆ ಬಾರದ ಅಧ್ಯಾಪಕರೇ ಒಪ್ಪಿ ಸಹಿ ಹಾಕಿದ್ದರು. ಗಾಜಿನ ವಸ್ತುಗಳ ಸಂಗ್ರಹದ ಬಗೆಗಿನ ಇನ್ನೊಂದು ಪ್ರಬಂಧ 61 ಪುಟದ್ದು, ಅದರಲ್ಲಿ ಆಕರಗಳ ಉಲ್ಲೇಖವೇ ಇರಲಿಲ್ಲ. ಕೊನೆಗೆ ನ್ಯಾಯಾಲಯದ ಆದೇಶದಿಂದ ಸಂಸ್ಥೆ ಬಾಗಿಲು ಹಾಕಿತು. ಅಲ್ಲಿ ಪ್ರಾಮಾಣಿಕವಾಗಿ ದುಡಿದು ಪ್ರಬಂಧ ಬರೆದವರೂ ಇದ್ದರು. ಅವರ ಪದವಿಗೂ ಅದೇ ಕಳಂಕ ಅಂಟಿದ್ದು ಈ ಕಥೆಯ ಅತ್ಯಂತ ನೋವಿನ ಭಾಗ.

ಕಂಪ್ಯೂಟರ್ ಬಂದಾಗ ಪತ್ರವ್ಯವಹಾರದ ಜಾಗಕ್ಕೆ ಮೋಡೆಮ್ ಬಂತು, ಪದ್ಧತಿ ಮಾತ್ರ ಹೆಚ್ಚುಕಡಿಮೆ ಹಳೆಯದೇ ಉಳಿಯಿತು. ನೋವಾ 1980ರ ದಶಕದಲ್ಲೇ ಸ್ನಾತಕೋತ್ತರ ಪಾಠಗಳನ್ನು ಆನ್‌ಲೈನ್ ಮಾಡಿತು. ಫೀನಿಕ್ಸ್ ವಿಶ್ವವಿದ್ಯಾಲಯದ ಆನ್‌ಲೈನ್ ವಿಭಾಗ 1989ರಲ್ಲಿ ತೆರೆಯಿತು. ಟೋಂಕಾ ಆಟಿಕೆ ಕಂಪನಿಯ ಮುಖ್ಯಸ್ಥರಾಗಿದ್ದ ಸ್ಟೀಫನ್ ಶ್ಯಾಂಕ್ 1993ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಆರಂಭಿಸಿದ ಸಂಸ್ಥೆ ಮುಂದೆ ಕಪೆಲ್ಲಾ ವಿಶ್ವವಿದ್ಯಾಲಯವಾಯಿತು. ಅದಕ್ಕೆ ನಾಲ್ಕೇ ವರ್ಷದಲ್ಲಿ, 1997ರಲ್ಲಿ, ಮಾನ್ಯತೆ ಸಿಕ್ಕಿತು. ವಾಲ್ಡನ್‌ಗೆ ಹಿಡಿದ ಇಪ್ಪತ್ತು ವರ್ಷದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಕಾಲ ಎಷ್ಟು ಬದಲಾಗಿತ್ತೆಂದು ತಿಳಿಯುತ್ತದೆ. 1999ರಲ್ಲಿ ಜೋನ್ಸ್ ಇಂಟರ್‌ನ್ಯಾಷನಲ್ ಪೂರ್ತಿ ಆನ್‌ಲೈನ್ ಸಂಸ್ಥೆಯಾಗಿಯೇ ಪ್ರಾದೇಶಿಕ ಮಾನ್ಯತೆ ಪಡೆದ ಮೊದಲ ವಿಶ್ವವಿದ್ಯಾಲಯವೆನಿಸಿದಾಗ ಅಮೆರಿಕದ ಪ್ರಾಧ್ಯಾಪಕರ ಸಂಘ ಬಹಿರಂಗವಾಗಿ ವಿರೋಧಿಸಿತು. ಕಾಯಂ ಅಧ್ಯಾಪಕರೇ ಇಲ್ಲದ ಕಡೆ ವಿಶ್ವವಿದ್ಯಾಲಯ ಹೇಗಾಗುತ್ತದೆ ಎಂಬುದು ಅದರ ಆಕ್ಷೇಪದ ತಿರುಳು. ಜೋನ್ಸ್ 2015ರಲ್ಲಿ ಮುಚ್ಚುವುದಾಗಿ ಪ್ರಕಟಿಸಿತು.

ಪ್ರಾದೇಶಿಕ ಸಂಘಗಳ ಹೊರತಾಗಿ, ದೂರಶಿಕ್ಷಣಕ್ಕೆಂದೇ 1926ರಲ್ಲಿ ಹುಟ್ಟಿ, ಈಗ ದೂರಶಿಕ್ಷಣ ಮಾನ್ಯತಾ ಆಯೋಗ ಎಂದು ಕರೆಸಿಕೊಳ್ಳುವ ರಾಷ್ಟ್ರಮಟ್ಟದ ಸಂಸ್ಥೆಯ ಅಧಿಕಾರಕ್ಕೂ ಮಿತಿಯಿದೆ. ಅದು ವೃತ್ತಿಪರ ಡಾಕ್ಟರೇಟ್‌ವರೆಗೆ ಮಾನ್ಯತೆ ಕೊಡಬಹುದು, ಪಿಎಚ್.ಡಿ.ಗೆ ಕೊಡುವಂತಿಲ್ಲ.

ಆನ್‌ಲೈನ್ ವಿದ್ಯಾರ್ಥಿಗಳ ಸಂಖ್ಯೆ ಹಿಗ್ಗಿದ್ದು 2006ರ ನಂತರ. ಅರ್ಧಕ್ಕಿಂತ ಹೆಚ್ಚು ಕೋರ್ಸು ಅಥವಾ ವಿದ್ಯಾರ್ಥಿಗಳು ದೂರಶಿಕ್ಷಣದ್ದಾಗಿದ್ದರೆ ಆ ಸಂಸ್ಥೆಗೆ ಫೆಡರಲ್ ಸಹಾಯ ಇಲ್ಲ ಎಂಬ 1992ರ ನಿಯಮವನ್ನು ಆ ವರ್ಷ ತೆಗೆದುಹಾಕಲಾಯಿತು.

ನಕಲಿ ಪದವಿಯ ವ್ಯಾಪಾರವೂ ಜೊತೆಜೊತೆಗೇ ಬೆಳೆಯಿತು. ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಕಡೆಯಿಂದ ನಡೆಯುತ್ತಿದ್ದ ಸೇಂಟ್ ರೀಜಿಸ್ ಎಂಬ ಜಾಲ ಲೈಬೀರಿಯಾದ ಅಧಿಕಾರಿಗಳಿಗೆ ಲಂಚ ಕೊಟ್ಟು ಆ ದೇಶದ ಮಾನ್ಯತೆಯನ್ನೇ ಕೊಂಡಿತ್ತು. 2005ರಲ್ಲಿ ದಾಳಿಯಾಯಿತು, 2008ರಲ್ಲಿ ಆರೋಪಿಗಳು ತಪ್ಪೊಪ್ಪಿಕೊಂಡರು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2004ರಲ್ಲಿ ಮಾನ್ಯತೆ ಇಲ್ಲದ ಬರಿಯ ಮೂರು ಸಂಸ್ಥೆಗಳ ದಾಖಲೆ ತೆರೆಸಿದಾಗ ಅಲ್ಲಿ ಸೇರಿದ್ದ ಫೆಡರಲ್ ಸರ್ಕಾರಿ ನೌಕರರು 463 ಮಂದಿ ಸಿಕ್ಕರು. 2015ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಕರಾಚಿಯ ಆ್ಯಕ್ಸಾಕ್ಟ್ ಕಂಪನಿಯ ವ್ಯವಹಾರ ಬಯಲು ಮಾಡಿತು. ಅದರ ಸುಮಾರು 370 ಜಾಲತಾಣಗಳಲ್ಲಿ ಕಾಲ್ಪನಿಕ ವಿಶ್ವವಿದ್ಯಾಲಯಗಳ ಜೊತೆಗೆ, ಅವಕ್ಕೆ ಮಾನ್ಯತೆ ಕೊಡುವ ಕಾಲ್ಪನಿಕ ಮಂಡಳಿಗಳೂ ಇದ್ದವು. ವಂಚಕರು ಇಲ್ಲಿ ಒಂದು ಸೂಕ್ಷ್ಮ ಕಂಡುಕೊಂಡಿದ್ದರು. ಜನ “ಮಾನ್ಯತೆ ಇದೆಯೇ?” ಎಂದು ಕೇಳುತ್ತಾರೆ, “ಯಾರ ಮಾನ್ಯತೆ?” ಎಂದು ಕೇಳುವವರು ಕಡಿಮೆ.

ನಿಜವಾದ ಮಾನ್ಯತೆ ಇದ್ದ ಕಡೆಯೂ ತಕರಾರು ತಪ್ಪಲಿಲ್ಲ, ಅದು ಬಂದದ್ದು ಪ್ರಬಂಧದ ಹಂತದಲ್ಲಿ. ಕೋರ್ಸ್ ವರ್ಕ್ ಮುಗಿದ ಮೇಲೆ ಮಾರ್ಗದರ್ಶಕರ ಉತ್ತರಕ್ಕೆ ಕಾಯುವುದು, ಸಮಿತಿ ಅಧ್ಯಾಯವನ್ನು ವಾಪಸ್ ಕಳಿಸುವುದು, ಹೀಗೆ ಅವಧಿ ಮೇಲೆ ಅವಧಿ ಉರುಳುತ್ತದೆ. ಪ್ರತಿ ಅವಧಿಗೂ ಶುಲ್ಕ. ವಾಲ್ಡನ್‌ನ ವ್ಯವಹಾರಾಡಳಿತ ಡಾಕ್ಟರೇಟ್‌ಗೆ ಎಷ್ಟು ಖರ್ಚು, ಎಷ್ಟು ಕಾಲ ಹಿಡಿಯುತ್ತದೆಂದು ತಪ್ಪಾಗಿ ಹೇಳಿ ಕಪ್ಪು ಜನಾಂಗದವರನ್ನು, ಮಹಿಳೆಯರನ್ನು ಗುರಿ ಮಾಡಿ ಸೇರಿಸಿಕೊಂಡರು ಎಂದು ವಿದ್ಯಾರ್ಥಿಗಳು 2022ರಲ್ಲಿ ಮೊಕದ್ದಮೆ ಹೂಡಿದರು. 2024ರಲ್ಲಿ ಅದು 2.85 ಕೋಟಿ ಡಾಲರ್‌ಗೆ ರಾಜಿಯಾಯಿತು. ಡಾಕ್ಟರೇಟ್ ವೆಚ್ಚದ ಬಗ್ಗೆ ದಾರಿ ತಪ್ಪಿಸಿದರೆಂದು ಶಿಕ್ಷಣ ಇಲಾಖೆ 2023ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ವಿಶ್ವವಿದ್ಯಾಲಯಕ್ಕೆ 3.77 ಕೋಟಿ ಡಾಲರ್ ದಂಡ ವಿಧಿಸಿತ್ತು. ವಿಶ್ವವಿದ್ಯಾಲಯ ಆರೋಪವನ್ನು ಅಲ್ಲಗಳೆಯಿತು, 2025ರಲ್ಲಿ ಇಲಾಖೆ ದಂಡವನ್ನು ಹಿಂತೆಗೆದುಕೊಂಡಿತು.

ಬ್ರಿಟನ್‌ನ ಪದ್ಧತಿ ಬೇರೆ. ಅಲ್ಲಿ ಪದವಿ ಕೊಡುವ ಅಧಿಕಾರ ಬರುವುದು ರಾಜಸನ್ನದಿನಿಂದ ಅಥವಾ ಕಾನೂನಿನಿಂದ. 1969ರಲ್ಲಿ ಸನ್ನದು ಪಡೆದ ಓಪನ್ ಯೂನಿವರ್ಸಿಟಿಯ ಪಿಎಚ್.ಡಿ. ದೂರಶಿಕ್ಷಣ ಸಂಸ್ಥೆಯದೆಂಬ ಕಾರಣಕ್ಕೆ ಕಾನೂನಿನ ಕಣ್ಣಲ್ಲಿ ಕೀಳಾಗದು.

ಭಾರತ ಮೂರನೆಯ ದಾರಿ ಹಿಡಿಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಎಂದರೆ ಯುಜಿಸಿಯ, 1956ರ ಕಾಯ್ದೆಯ 22ನೆಯ ಕಲಮಿನ ಪ್ರಕಾರ ಶಾಸನದಿಂದ ಹುಟ್ಟಿದ ಅಥವಾ ಪರಿಗಣಿತ ವಿಶ್ವವಿದ್ಯಾಲಯಗಳು, ಸಂಸತ್ತು ವಿಶೇಷ ಅಧಿಕಾರ ಕೊಟ್ಟ ಸಂಸ್ಥೆಗಳು ಮಾತ್ರ ಪದವಿ ಕೊಡಬಹುದು. ಈ ಅಧಿಕಾರವಿಲ್ಲದ ಸಂಸ್ಥೆಗಳ ಪಟ್ಟಿಯನ್ನು ಯುಜಿಸಿ ಆಗಾಗ ಪ್ರಕಟಿಸುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕದ ‘ಬಡಗಾಂವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ’ ಎಂಬ ಹೆಸರು ಅದರಲ್ಲಿ ವರ್ಷಗಟ್ಟಲೆ ಇತ್ತು. ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ 1994ರಲ್ಲಿ ಹುಟ್ಟಿತು, ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಪಿಎಚ್.ಡಿ. ವಿಷಯದಲ್ಲಿ ಮಾತ್ರ ಯುಜಿಸಿ ಸಂಸ್ಥೆಯ ಶ್ರೇಣಿಯನ್ನು ನೋಡದೆ ಓದಿನ ವಿಧಾನವನ್ನೇ ನೋಡಿತು. 2009ರ ಜುಲೈ 11ರಂದು ಜಾರಿಗೆ ಬಂದ ನಿಯಮಾವಳಿ ದೂರಶಿಕ್ಷಣದ ಮೂಲಕ ಎಂ.ಫಿಲ್., ಪಿಎಚ್.ಡಿ. ನಡೆಸುವುದನ್ನು ನಿಷೇಧಿಸಿತು. 2022ರ ನಿಯಮಾವಳಿಯೂ ಆ ನಿಷೇಧವನ್ನು ಉಳಿಸಿಕೊಂಡಿದೆ. ನ್ಯಾಕ್ ಅಂಕ ಚೆನ್ನಾಗಿರುವ ವಿಶ್ವವಿದ್ಯಾಲಯಗಳು ಬಿ.ಎ., ಎಂ.ಬಿ.ಎ.ಗಳನ್ನು ಪೂರ್ತಿ ಆನ್‌ಲೈನ್‌ನಲ್ಲಿ ನಡೆಸಲು 2020ರ ನಿಯಮ ಬಾಗಿಲು ತೆರೆದರೂ ಸಂಶೋಧನ ಪದವಿ ಹೊರಗೇ ಉಳಿಯಿತು. ಆದರೆ ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಪಿಎಚ್.ಡಿ. ಮೌಖಿಕ ಪರೀಕ್ಷೆಯನ್ನು ವಿಡಿಯೊ ಮೂಲಕ ನಡೆಸಲು ಇದೇ ಯುಜಿಸಿ ಅನುಮತಿ ಕೊಟ್ಟಿತ್ತು.

ಮಾನ್ಯತೆ ಹೋದರೆ ವಿದ್ಯಾರ್ಥಿಗೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಹತ್ತಿರದಿಂದ ಕಂಡಿದೆ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ವಿಭಾಗದಿಂದ ಬೆಳೆದು 1996ರಲ್ಲಿ ಸ್ವತಂತ್ರವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಖಾಸಗಿ ಸಂಸ್ಥೆಗಳ ಜೊತೆಗೂಡಿ ರಾಜ್ಯದ ಗಡಿಯಾಚೆಗೂ ಕೋರ್ಸುಗಳನ್ನು ಹಬ್ಬಿಸಿತ್ತು. 2015ರಲ್ಲಿ ಯುಜಿಸಿ, 2012–13ನೇ ಸಾಲಿನಿಂದಲೇ ಅನ್ವಯವಾಗುವಂತೆ ಅದರ ಮಾನ್ಯತೆಯನ್ನು ಹಿಂಪಡೆಯಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018–19ನೇ ಸಾಲಿಗೆ. ನಡುವಿನ ವರ್ಷಗಳಲ್ಲಿ ಓದಿದವರು ಅಂಕಪಟ್ಟಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಅವರ ಪದವಿಗಳು ಡಾಕ್ಟರೇಟ್ ಅಲ್ಲದಿರಬಹುದು, ಆದರೆ ಹಿಂದಿನ ವರ್ಷಕ್ಕೂ ತಟ್ಟುವ ಆದೇಶ ಎಷ್ಟು ಕ್ರೂರವಾಗಬಲ್ಲದೆಂದು ಆ ಪ್ರಕರಣ ತೋರಿಸಿತು.

ಇನ್ನು ವಿದೇಶಿ ಆನ್‌ಲೈನ್ ಡಾಕ್ಟರೇಟ್. ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ಜಾಹೀರಾತು ಮಾಡುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಒಟ್ಟಾಗಿ ಎಚ್ಚರಿಸಿದವು. ಕಾಲೇಜು ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವವರಿಗೆ ಇದರ ಬಿಸಿ ಹೆಚ್ಚು. 2009ರ ಜುಲೈ 11ಕ್ಕೆ ಮೊದಲು ನೋಂದಣಿಯಾದ ಪಿಎಚ್.ಡಿ. ತೋರಿಸಿ, ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯಿಂದ ವಿನಾಯಿತಿ ಕೇಳುವವರು, ಪದವಿ ರೆಗ್ಯುಲರ್ ವಿಧಾನದಲ್ಲಿ ಸಿಕ್ಕಿದೆ, ಇಬ್ಬರು ಹೊರಗಿನ ಪರೀಕ್ಷಕರು ಪ್ರಬಂಧ ಓದಿದ್ದಾರೆ, ಮೌಖಿಕ ಪರೀಕ್ಷೆ ಬಹಿರಂಗವಾಗಿ ನಡೆದಿದೆ ಎಂಬಿತ್ಯಾದಿ ಐದು ಅಂಶಗಳಿಗೆ ಕುಲಸಚಿವರ ಅಥವಾ ಡೀನ್ ಅವರ ಸಹಿ ತರಬೇಕು. ಸಂಸ್ಥೆಯನ್ನು ಬಿಟ್ಟು ಪ್ರಬಂಧವನ್ನೇ ಕೇಳುವ ಈ ಪ್ರಮಾಣಪತ್ರ ಅಮೆರಿಕದ ಹತ್ತು ವರ್ಷದ ಮಾನ್ಯತೆಗಿಂತ ಒಂದು ಅರ್ಥದಲ್ಲಿ ಹೆಚ್ಚು ನೇರವಾದದ್ದು. ವಿದೇಶಿ ಪಿಎಚ್.ಡಿ.ಯಾದರೆ, ಜಾಗತಿಕ ಶ್ರೇಯಾಂಕದ ಮೊದಲ 500ರೊಳಗಿನ ವಿಶ್ವವಿದ್ಯಾಲಯದ್ದಾಗಿದ್ದರೆ ಎನ್‌ಇಟಿ ಬೇಡ ಎನ್ನುತ್ತದೆ 2018ರ ನಿಯಮಾವಳಿ. ವಾಲ್ಡನ್, ಕಪೆಲ್ಲಾಗಳು ಆ ಸಾಲಿನಲ್ಲಿಲ್ಲ. ಜಾನ್ಸ್ ಹಾಪ್‌ಕಿನ್ಸ್ ಇದೆ, ಅದು ಆನ್‌ಲೈನ್‌ನಲ್ಲೇ ಶಿಕ್ಷಣಶಾಸ್ತ್ರದ ಡಾಕ್ಟರೇಟನ್ನೂ ಕೊಡುತ್ತದೆ. ಆದರೆ 2025ರ ಏಪ್ರಿಲ್‌ನಲ್ಲಿ ಯುಜಿಸಿ ಹೊರಡಿಸಿದ ತತ್ಸಮಾನತೆಯ ನಿಯಮಾವಳಿ ಕೇಳುವುದು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಅಲ್ಲದೆ, ಖುದ್ದು ಹಾಜರಿದ್ದು ಓದಿದ ಪದವಿಯನ್ನು.