ದವಡೆಯ ಗೆಡ್ಡೆ: ನೋವಿಲ್ಲವೆಂದು ಕಡೆಗಣಿಸುವುದು ಸಲ್ಲದು

ತರೀಕೆರೆ: ಒಂದು ಬದಿಯ ದವಡೆ ನಿಧಾನವಾಗಿ ಉಬ್ಬುತ್ತದೆ. ನೋವಿರುವುದಿಲ್ಲ, ಜ್ವರವಿರುವುದಿಲ್ಲ, ಊಟಕ್ಕೂ ಅಡ್ಡಿಯಿರುವುದಿಲ್ಲ. ಹಲ್ಲಿನ ಬಾವು ಇರಬೇಕೆಂದು ಮಾತ್ರೆ ನುಂಗಿ ತಿಂಗಳುಗಳನ್ನು ಕಳೆಯುವವರುಂಟು. ದವಡೆಯ ಮೂಳೆಯೊಳಗೆ ಬೆಳೆಯುವ, ಕ್ಯಾನ್ಸರ್ ಅಲ್ಲದ ಗೆಡ್ಡೆಗಳು ಹೆಚ್ಚಾಗಿ ಹೀಗೆ ಸದ್ದಿಲ್ಲದೆ ಬೆಳೆಯುತ್ತವೆ.

1196ರಲ್ಲಿ ನಿರ್ಮಾಣವಾದ ಅಮೃತೇಶ್ವರ ದೇವಾಲಯದಿಂದ ಹೆಸರಾದ ಅಮೃತಾಪುರವೂ ಸೇರಿದಂತೆ ತರೀಕೆರೆ ಸೀಮೆ ಅಡಿಕೆಯ ನಾಡು. ಅಡಿಕೆ ಅಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂಬುದು ದೃಢಪಟ್ಟ ಸಂಗತಿ. ಆದ್ದರಿಂದ ಬಾಯಿಯಲ್ಲಿ ಗಂಟು ಕಂಡೊಡನೆ ಭಯಪಡುವುದು ಸಹಜ. ಆದರೆ ಅಡಿಕೆ, ತಂಬಾಕಿನ ಕ್ಯಾನ್ಸರ್ ಸಾಮಾನ್ಯವಾಗಿ ಕೆನ್ನೆಯ ಒಳಪದರ, ನಾಲಗೆ ಅಥವಾ ವಸಡಿನ ಮೇಲ್ಮೈಯಲ್ಲಿ ಹುಟ್ಟುತ್ತದೆ. ಇಲ್ಲಿ ಹೇಳುತ್ತಿರುವ ಗೆಡ್ಡೆಗಳು ಮೂಳೆಯ ಒಳಗೇ ಹುಟ್ಟುವಂಥವು. ಎಲೆ ಅಡಿಕೆ ಹಾಕದವರಿಗೂ ಬರುತ್ತವೆ. ಎರಡರ ವ್ಯತ್ಯಾಸ ತಿಳಿಯಲು ಪರೀಕ್ಷೆಯೊಂದೇ ದಾರಿ.

ಮುಖ್ಯ ಬಗೆಗಳು

ಹಲ್ಲು ರೂಪುಗೊಳ್ಳುವಾಗ ಕೆಲಸ ಮಾಡಿದ ಜೀವಕೋಶಗಳ ಉಳಿಕೆಯಿಂದ ಹುಟ್ಟುವ ಗೆಡ್ಡೆಗಳು ಒಂದು ಗುಂಪು. ಇವುಗಳಲ್ಲಿ ಒಡೊಂಟೋಮಾ ಬಹು ಸೌಮ್ಯವಾದುದು. ಮಕ್ಕಳು ಹಾಗೂ ಹದಿಹರೆಯದವರಲ್ಲಿ ಹೆಚ್ಚು. ಕಾಲ ಮೀರಿದರೂ ಶಾಶ್ವತ ಹಲ್ಲು ಹುಟ್ಟದಿದ್ದಾಗ ಎಕ್ಸ್-ರೇ ತೆಗೆಸಿದರೆ ಪತ್ತೆಯಾಗುತ್ತದೆ. ಪೂರ್ತಿಯಾಗಿ ತೆಗೆದರೆ ಮತ್ತೆ ಬರುವುದು ಅಪರೂಪ.

ಅಮಿಲೋಬ್ಲಾಸ್ಟೋಮಾದ ಸ್ವಭಾವ ಬೇರೆ. ಸುಮಾರು 80 ಶೇಕಡಾ ಪ್ರಕರಣಗಳಲ್ಲಿ ಇದು ಕೆಳದವಡೆಯಲ್ಲಿ, ಅದರಲ್ಲೂ ಹಿಂದಿನ ದವಡೆಹಲ್ಲುಗಳ ಬಳಿ ಕಾಣಿಸುತ್ತದೆ. ದೇಹದ ಇತರ ಭಾಗಗಳಿಗೆ ಹರಡುವುದು ತೀರಾ ವಿರಳವಾದರೂ ಸುತ್ತಲಿನ ಮೂಳೆಯೊಳಗೆ ಬೇರಿಳಿಸುತ್ತ ಹೋಗುತ್ತದೆ. ಮೇಲ್ದವಡೆಯಲ್ಲಾದರೆ ಕಣ್ಣಿನ ಗೂಡು ಹಾಗೂ ತಲೆಬುರುಡೆಯ ತಳದತ್ತ ಸಾಗುವ ಅಪಾಯವಿದೆ.

ಕೆರಾಟೋಸಿಸ್ಟ್ ಎಂಬ ಚೀಲದಂತಹ ಬೆಳವಣಿಗೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಗೆಡ್ಡೆಗಳ ಪಟ್ಟಿಗೆ ಸೇರಿಸಿ, 2017ರಲ್ಲಿ ಮತ್ತೆ ಸಿಸ್ಟ್‌ಗಳ ಪಟ್ಟಿಗೆ ಮರಳಿಸಿತು. ಹೆಸರು ಏನೇ ಇರಲಿ, ಮರುಕಳಿಸುವುದು ಇದರ ಗುಣ. ಇವಲ್ಲದೆ ಮೂಳೆಯಿಂದಲೇ ಹುಟ್ಟುವ ಆಸಿಫೈಯಿಂಗ್ ಫೈಬ್ರೋಮಾ, ದೈತ್ಯಕೋಶ ಗಂತಿ ಮುಂತಾದವೂ ಇವೆ.

ಪತ್ತೆ ಹಚ್ಚುವ ಬಗೆ

ಮೊದಲ ಹೆಜ್ಜೆ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿ ಎಕ್ಸ್-ರೇ. ಅಮಿಲೋಬ್ಲಾಸ್ಟೋಮಾ ಇದರಲ್ಲಿ ಅನೇಕ ವೇಳೆ ಜೇನುಗೂಡಿನಂತೆ ಅಥವಾ ಸೋಪಿನ ಗುಳ್ಳೆಗಳಂತೆ ಕಾಣುತ್ತದೆ. ಗೆಡ್ಡೆಯ ವಿಸ್ತಾರ ಅಳೆಯಲು ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಆದರೆ ಚಿತ್ರ ನೋಡಿಯೇ ಹೆಸರು ಹೇಳಲಾಗದು. ಸಿಸ್ಟ್ ಹಾಗೂ ಅಮಿಲೋಬ್ಲಾಸ್ಟೋಮಾ ಎಕ್ಸ್-ರೇಯಲ್ಲಿ ಒಂದೇ ಬಗೆಯಾಗಿ ಕಾಣಬಹುದು. ಅಂತಿಮ ತೀರ್ಮಾನ ಬಯಾಪ್ಸಿಯದು; ಅಂದರೆ ಗೆಡ್ಡೆಯ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ಅದಕ್ಕೆ ಮುನ್ನ ಸೂಜಿ ಹಾಕಿ ಒಳಗಿನ ದ್ರವವನ್ನು ಎಳೆದು ನೋಡುವುದುಂಟು. ರಕ್ತವೇ ಚಿಮ್ಮಿ ಬಂದರೆ ಅದು ರಕ್ತನಾಳಗಳ ಗೆಡ್ಡೆಯಾಗಿರಬಹುದು. ಆಗ ಬಯಾಪ್ಸಿಗೂ ಹಲ್ಲು ಕೀಳುವುದಕ್ಕೂ ಕೈಹಾಕುವುದು ಪ್ರಾಣಾಪಾಯಕಾರಿ. ದೈತ್ಯಕೋಶ ಗಂತಿ ಎಂದು ವರದಿ ಬಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ಪ್ರಮಾಣವನ್ನು ನೋಡಲೇಬೇಕು. ಆ ಗ್ರಂಥಿಯ ದೋಷದಿಂದಲೂ ಅಂಥದೇ ಗಂತಿ ಏಳುತ್ತದೆ, ಅದಕ್ಕೆ ಚಿಕಿತ್ಸೆ ಗ್ರಂಥಿಗೇ ಆಗಬೇಕು.

ಚಿಕಿತ್ಸೆ: ಕೆರೆಯುವುದೋ, ಕತ್ತರಿಸುವುದೋ

ರೋಗಿಯ ಕುಟುಂಬ ನಿರ್ಧಾರ ತೆಗೆದುಕೊಳ್ಳಬೇಕಾದ ಕಠಿಣ ಘಟ್ಟ ಇದು. ಗೆಡ್ಡೆಯನ್ನು ಕೆರೆದು ತೆಗೆದರೆ ಮುಖದ ರೂಪ ಉಳಿಯುತ್ತದೆ, ಖರ್ಚೂ ಕಡಿಮೆ. ಆದರೆ ಸಾಮಾನ್ಯ ಬಗೆಯ ಅಮಿಲೋಬ್ಲಾಸ್ಟೋಮಾದಲ್ಲಿ ಬರೀ ಕೆರೆದರೆ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಅದು ಮರಳಿ ಬರುತ್ತದೆ. ಹೀಗಾಗಿ ಗೆಡ್ಡೆಯ ಸುತ್ತ 1ರಿಂದ 2 ಸೆಂಟಿಮೀಟರ್‌ನಷ್ಟು ಆರೋಗ್ಯವಂತ ಮೂಳೆಯನ್ನೂ ಸೇರಿಸಿ ಕತ್ತರಿಸುವುದು ರೂಢಿ. ಒಂದೇ ಚೀಲದ ಬಗೆಯಾದರೆ, ವಿಶೇಷವಾಗಿ ಎಳೆಯರಲ್ಲಿ, ಚಿಕ್ಕ ಶಸ್ತ್ರಚಿಕಿತ್ಸೆ ಸಾಕಾಗಬಹುದು.

ದವಡೆಯ ಭಾಗ ಕಳೆದುಕೊಂಡವರಿಗೆ ಮರುಜೋಡಣೆಯ ದಾರಿಯಿದೆ. ಕಾಲಿನ ಹೊರಬದಿಯ ಫಿಬುಲಾ ಮೂಳೆಯನ್ನು ಅದರ ರಕ್ತನಾಳಗಳೊಡನೆ ತೆಗೆದು ದವಡೆಯಾಗಿ ಜೋಡಿಸುವ ವಿಧಾನ 1989ರಿಂದ ಬಳಕೆಗೆ ಬಂತು. ದೇಹದ ಭಾರವನ್ನು ಹೊರುವುದು ಮುಖ್ಯವಾಗಿ ಪಕ್ಕದ ಟಿಬಿಯಾ ಮೂಳೆಯಾದ್ದರಿಂದ ರೋಗಿ ಮತ್ತೆ ನಡೆದಾಡಬಲ್ಲ. ಹೊಸ ದವಡೆಯ ಮೇಲೆ ಕೃತಕ ಹಲ್ಲುಗಳನ್ನೂ ಕೂರಿಸಬಹುದು.

ಅಮಿಲೋಬ್ಲಾಸ್ಟೋಮಾಗಳಲ್ಲಿ ಬ್ರಾಫ್ ಎಂಬ ಜೀನ್‌ನ ಬದಲಾವಣೆ ಹೆಚ್ಚಾಗಿರುವುದು 2014ರಲ್ಲಿ ಬೆಳಕಿಗೆ ಬಂತು. ಅದನ್ನೇ ಗುರಿಯಾಗಿಸಿದ ಔಷಧಿಗಳು ಕೆಲವು ರೋಗಿಗಳಲ್ಲಿ ಗೆಡ್ಡೆಯನ್ನು ಕುಗ್ಗಿಸಿವೆ. ಆದರೂ ಶಸ್ತ್ರಚಿಕಿತ್ಸೆಯೇ ಇಂದಿಗೂ ಪ್ರಧಾನ.

ಎಲ್ಲಿಗೆ ಹೋಗಬೇಕು?

ತರೀಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಗತ್ಯವಿದ್ದರೆ ಶಿಫಾರಸು ಪತ್ರ ಪಡೆಯುವುದು ಒಳಿತು. ಶಿವಮೊಗ್ಗ ಹಾಗೂ ದಾವಣಗೆರೆಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಮಹಾವಿದ್ಯಾಲಯವಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ನೆರವಿದೆ. ತಮ್ಮ ಶಸ್ತ್ರಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ವಿಚಾರಿಸಿಕೊಳ್ಳಬೇಕು.

ಎರಡು ವಾರ ಕಳೆದರೂ ಇಳಿಯದ ಊತ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಹಲ್ಲು ಕಿತ್ತರೂ ಮಾಯದ ಗಾಯ ಇವು ಎಚ್ಚರಿಕೆಯ ಸೂಚನೆಗಳು. ಕೆಳತುಟಿ ಮರಗಟ್ಟಿದರೆ ಅಥವಾ ಊತ ವೇಗವಾಗಿ ಹೆಚ್ಚಿದರೆ ಕ್ಯಾನ್ಸರ್ ಶಂಕೆಯೂ ಇರುವುದರಿಂದ ಒಂದು ದಿನವೂ ತಡಮಾಡಬಾರದು.

ಶಸ್ತ್ರಚಿಕಿತ್ಸೆ ಮುಗಿದೊಡನೆ ಎಲ್ಲವೂ ಮುಗಿಯುವುದಿಲ್ಲ. ಅಮಿಲೋಬ್ಲಾಸ್ಟೋಮಾ 10 ವರ್ಷಗಳ ನಂತರವೂ ಮರಳಿದ್ದುಂಟು. ಬಯಾಪ್ಸಿ ವರದಿ ಹಾಗೂ ಎಕ್ಸ್-ರೇಗಳನ್ನು ಜೋಪಾನವಾಗಿಟ್ಟುಕೊಂಡು, ವೈದ್ಯರು ಹೇಳಿದ ಅವಧಿಗೆ ತಪ್ಪದೆ ತಪಾಸಣೆಗೆ ಹೋಗುವುದು ಅವಶ್ಯ.