ಮಾದರಿ, ನೋಟ, ನಿಯಂತ್ರಕ: ಒಂದು ವಿಭಾಗತತ್ತ್ವದ ಉಗಮವಿಚಾರ

ಗಣಕಯಂತ್ರದ ತಂತ್ರಾಂಶವನ್ನು ರಚಿಸುವವರಲ್ಲಿ ಒಂದು ಸೂತ್ರವು ಬಹುಕಾಲದಿಂದ ಪ್ರಚಾರದಲ್ಲಿದೆ. ಕ್ರಮವಿಧಿಯು ಕಾದಿಟ್ಟುಕೊಂಡಿರುವ ದತ್ತಾಂಶವು ಒಂದು ಭಾಗ. ಅದನ್ನು ಪರದೆಯ ಮೇಲೆ ತೋರಿಸುವ ರೂಪವು ಇನ್ನೊಂದು. ಬಳಸುವವನ ಕೈಯಿಂದ ಬರುವ ಆಜ್ಞೆಗಳನ್ನು ಸ್ವೀಕರಿಸುವ ಅಂಗವು ಮೂರನೆಯದು. ಈ ಮೂರನ್ನೂ ಬೆರಸತಕ್ಕದ್ದಲ್ಲವೆಂಬುದೇ ಆ ಸೂತ್ರ. ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ಇಂಗ್ಲಿಷ್ ಹೆಸರುಗಳಿಂದ ಪ್ರಸಿದ್ಧವಾದ ಈ ಅಂಗತ್ರಯವನ್ನು ಇಲ್ಲಿ ಮಾದರಿ, ನೋಟ, ನಿಯಂತ್ರಕ ಎಂದು ಕರೆಯಲಾಗಿದೆ. ದುರಸ್ತಿಯ ಕೆಲಸವು ಸುಲಭವಾಗಲೆಂದು ಕ್ರಮವಿಧಿಕಾರರು ತಮ್ಮ ಸೌಕರ್ಯಕ್ಕಾಗಿ ಮಾಡಿಕೊಂಡ ಏರ್ಪಾಡು ಇದೆಂಬುದು ಸಾಮಾನ್ಯವಾದ ನಂಬಿಕೆ. ಮೂಲಲೇಖಗಳನ್ನು ಪರಿಶೀಲಿಸಿದರೆ ಈ ನಂಬಿಕೆಯು ಅರ್ಧಸತ್ಯವೆಂದು ತಿಳಿದುಬರುತ್ತದೆ. ಸೂತ್ರಕಾರನ ಮೊದಲ ಲಕ್ಷ್ಯವಿದ್ದದ್ದು ಯಂತ್ರವನ್ನು ಬಳಸುವವನ ಮೇಲೆ. ಇದನ್ನು ತೋರಿಸುವುದೂ, ಮೂಲಾರ್ಥವು ಕಾಲಕ್ರಮದಲ್ಲಿ ಹೇಗೆ ವ್ಯತ್ಯಾಸವನ್ನು ಹೊಂದಿತೆಂಬುದನ್ನು ವಿವರಿಸುವುದೂ ಈ ಲೇಖನದ ಉದ್ದೇಶ.

1. ಪೂರ್ವಸ್ಥಿತಿ

ಗಣಕಯಂತ್ರವು ರಂಧ್ರಪತ್ರಗಳನ್ನು ಓದಿ ಕಾಗದದ ಮೇಲೆ ಫಲಿತಾಂಶವನ್ನು ಅಚ್ಚುಮಾಡುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯು ಅಷ್ಟಾಗಿ ಏಳಲಿಲ್ಲ. ಲೆಕ್ಕವನ್ನು ಒಪ್ಪಿಸಿ ಹೋದವನು ಉತ್ತರ ಬರುವವರೆಗೆ ಕಾಯುತ್ತಿದ್ದನು. ನಡುವೆ ಅವನಿಗೆ ಕೆಲಸವಿರಲಿಲ್ಲ. ಮನುಷ್ಯನು ಪರದೆಯ ಮುಂದೆ ಕುಳಿತು, ನೋಡಿದ್ದನ್ನು ಕೂಡಲೆ ತಿದ್ದುವ ಅವಕಾಶವು ದೊರೆತಮೇಲೆ ಸ್ಥಿತಿಯು ಬೇರೆಯಾಯಿತು. 1963ರಲ್ಲಿ ಐವನ್ ಸದರ್‌ಲ್ಯಾಂಡನು ರಚಿಸಿದ ಸ್ಕೆಚ್‌ಪ್ಯಾಡ್ ಎಂಬ ಚಿತ್ರರಚನೆಯ ವ್ಯವಸ್ಥೆಯಲ್ಲಿ ಮೂಲಚಿತ್ರ ಮತ್ತು ಅದರ ಪ್ರತಿಗಳೆಂಬ ಭೇದವು ಕಾಣಬರುತ್ತದೆ: ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲವೂ ತಾವಾಗಿಯೇ ಬದಲಾಗುತ್ತಿದ್ದವು. ಡೇವಿಡ್ ಪಾರ್ನಾಸನು 1972ರ ತನ್ನ ಲೇಖನದಲ್ಲಿ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನೂ ಒಂದೊಂದು ಘಟಕದೊಳಗೆ ಮರೆಮಾಡಿ ಇಡತಕ್ಕದ್ದೆಂದು ವಾದಿಸಿದನು. ಎಡ್ಸ್‌ಗರ್ ಡೈಕ್‌ಸ್ಟ್ರನು 1974ರಲ್ಲಿ ಬರೆದ ಟಿಪ್ಪಣಿಯಲ್ಲಿ, ಒಂದು ವಿಷಯದ ಬೇರೆ ಬೇರೆ ಮುಖಗಳನ್ನು ಒಂದೊಂದಾಗಿ ಪ್ರತ್ಯೇಕಿಸಿ ಆಲೋಚಿಸುವುದೇ ವಿಚಾರವನ್ನು ಕ್ರಮಪಡಿಸುವ ಮಾರ್ಗವೆಂದನು. ಹೀಗೆ ವಿಭಾಗದ ಭಾವನೆಯು ವಾತಾವರಣದಲ್ಲಿ ಆಗಲೇ ಇದ್ದಿತು. ಯಾವುದನ್ನು ಯಾವುದರಿಂದ ಬೇರ್ಪಡಿಸಬೇಕೆಂಬುದು ಮಾತ್ರ ಪರದೆಯ ಸಂಬಂಧದಲ್ಲಿ ಇನ್ನೂ ನಿರ್ಧಾರವಾಗಿರಲಿಲ್ಲ.

2. ಹಡಗುಕಟ್ಟೆಯಿಂದ ಪಾಲೋ ಆಲ್ಟೋಗೆ

ಆ ನಿರ್ಧಾರವನ್ನು ಮಾಡಿದವನು ನಾರ್ವೆ ದೇಶದ ಟ್ರಿಗ್ವೆ ರೇನ್ಸ್‌ಕೌಗ್. 1930ರಲ್ಲಿ ಜನಿಸಿದ ಈತನು ಓಸ್ಲೋ ನಗರದ ಕೇಂದ್ರ ಕೈಗಾರಿಕಾ ಸಂಶೋಧನ ಸಂಸ್ಥೆಯಲ್ಲಿ ಕೆಲಸಮಾಡುತ್ತ, ಹಡಗುಗಳ ವಿನ್ಯಾಸಕ್ಕೂ ನಿರ್ಮಾಣಕ್ಕೂ ಒದಗುವ ಆಟೋಕಾನ್ ಎಂಬ ತಂತ್ರಾಂಶವನ್ನು ರಚಿಸಿದನು. ಆಕರ್ ಎಂಬ ಹಡಗು ನಿರ್ಮಾಪಕರ ಸಮೂಹವು ಅದನ್ನು 1963ರಲ್ಲಿ ಮೊದಲು ಬಳಕೆಗೆ ತಂದಿತು. ಅನಂತರ ಮೂವತ್ತು ವರ್ಷಗಳಿಗೂ ಮೀರಿ ಅನೇಕ ದೇಶಗಳ ಹಡಗುಕಟ್ಟೆಗಳಲ್ಲಿ ಅದು ಬಳಕೆಯಲ್ಲಿದ್ದಿತು. ಈ ಹಿನ್ನೆಲೆಯು ಅಪ್ರಸ್ತುತವಲ್ಲ. ಒಂದು ಹಡಗಿನ ನಿರ್ಮಾಣದಲ್ಲಿ ಸಾವಿರಾರು ಕಾರ್ಯಗಳು ಒಂದನ್ನೊಂದು ಅವಲಂಬಿಸಿಕೊಂಡಿರುತ್ತವೆ. ಅದೇ ಕಾರ್ಯಸಮೂಹವನ್ನು ಕಾಲದ ಪಟ್ಟಿಯಾಗಿ ನೋಡಬೇಕಾದವನೊಬ್ಬ, ಪರಸ್ಪರ ಸಂಬಂಧಗಳ ಜಾಲವಾಗಿ ನೋಡಬೇಕಾದವನು ಇನ್ನೊಬ್ಬ. ವಸ್ತುವು ಒಂದೇ, ಅದರ ನೋಟಗಳು ಹಲವು ಎಂಬ ಅನುಭವವು ಈತನಿಗೆ ತನ್ನ ವೃತ್ತಿಯಲ್ಲಿಯೇ ಒದಗಿಬಂದಿತ್ತು.

1978ರಲ್ಲಿ ರೇನ್ಸ್‌ಕೌಗನು ಕ್ಯಾಲಿಫೋರ್ನಿಯದ ಪಾಲೋ ಆಲ್ಟೋ ಊರಿನಲ್ಲಿದ್ದ ಜೆರಾಕ್ಸ್ ಸಂಶೋಧನ ಕೇಂದ್ರಕ್ಕೆ ಅತಿಥಿ ವಿಜ್ಞಾನಿಯಾಗಿ ಬಂದನು. ಅಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರ ಪ್ರಯತ್ನದಿಂದ ಅಲ್ಲಿ ಸ್ಮಾಲ್‌ಟಾಕ್ ಎಂಬ ಕ್ರಮವಿಧಿ ಭಾಷೆಯು ರೂಪುಗೊಳ್ಳುತ್ತಿದ್ದಿತು. 1973ರಲ್ಲಿ ಸಿದ್ಧವಾದ ಆಲ್ಟೋ ಗಣಕವು ಚಿತ್ರಮಯ ಪರದೆಯನ್ನೂ ಕೈಯಿಂದ ಸರಿಸುವ ಮೌಸನ್ನೂ ಒದಗಿಸಿತ್ತು. ಸ್ಮಾಲ್‌ಟಾಕ್ ಭಾಷೆಗೆ ಪ್ರೇರಣೆಯನ್ನು ಕೊಟ್ಟವುಗಳಲ್ಲಿ ಸಿಮ್ಯುಲಾ ಮುಖ್ಯವಾದುದು. ಅದನ್ನು ಓಸ್ಲೋದಲ್ಲಿ ನಿರ್ಮಿಸಿದವರು ಊಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್. ನಾರ್ವೆಯಿಂದ ಹೊರಟ ವಿಚಾರವೊಂದು ಅಮೆರಿಕದಲ್ಲಿ ಬೆಳೆದಿರಲು, ನಾರ್ವೆಯಿಂದ ಬಂದ ಇನ್ನೊಬ್ಬನು ಅದಕ್ಕೆ ಹೊಸ ಶಾಖೆಯನ್ನು ಕೂಡಿಸಿದನು.

3. ಎರಡು ಟಿಪ್ಪಣಿಗಳು

ಅಂಗತ್ರಯದ ಚರಿತ್ರೆಗೆ ಆಧಾರವಾದ ಲೇಖಗಳು ಎರಡು. ಮೊದಲನೆಯದರ ದಿನಾಂಕ 1979ನೆಯ ಮೇ 12. ಇದರಲ್ಲಿ ಅಂಗಗಳು ನಾಲ್ಕು: ವಸ್ತು, ಮಾದರಿ, ನೋಟ, ಸಂಪಾದಕ. ವಸ್ತುವೆಂದರೆ ಬಳಸುವವನಿಗೆ ಆಸಕ್ತಿಯಿರುವ ಯಾವುದಾದರೂ ಸರಿ. ಮನೆಯಾಗಬಹುದು, ಒಂದು ಹೊಸ ಭಾವನೆಯೂ ಆಗಬಹುದು. ಮಾದರಿಯು ಅದರ ಅಮೂರ್ತರೂಪವಾಗಿ ಗಣಕದೊಳಗೆ ನೆಲಸಿರುವ ದತ್ತಾಂಶ. ನಿದರ್ಶನವಾಗಿ ತೆಗೆದುಕೊಂಡದ್ದು ಸೇತುವೆ, ವಿದ್ಯುದಾಗಾರ ಮೊದಲಾದ ಮಹಾನಿರ್ಮಾಣಗಳ ಕಾರ್ಯಯೋಜನೆ.

ಎರಡನೆಯ ಟಿಪ್ಪಣಿಯ ದಿನಾಂಕ ಅದೇ ವರ್ಷದ ಡಿಸೆಂಬರ್ 10. ಹೆಸರುಗಳ ವಿಷಯದಲ್ಲಿ ದೀರ್ಘವಾದ ಚರ್ಚೆಗಳು ನಡೆದು, ವಿಶೇಷವಾಗಿ ಅಡೆಲ್ ಗೋಲ್ಡ್‌ಬರ್ಗಳೊಡನೆ ವಿಚಾರವಿನಿಮಯವಾದಮೇಲೆ, ಮಾದರಿ, ನೋಟ, ನಿಯಂತ್ರಕ ಎಂಬ ಪದಗಳು ಸ್ಥಿರಪಟ್ಟವು. ವಸ್ತುವು ಲೋಕಕ್ಕೆ ಸೇರಿದ್ದಾದುದರಿಂದ ಅಂಗಗಳ ಪಟ್ಟಿಯಿಂದ ಬಿಟ್ಟುಹೋಯಿತು. ಸಂಪಾದಕನು ನಿಯಂತ್ರಕನ ಒಂದು ವಿಶೇಷಭೇದವಾಗಿ ಉಳಿದನು. ಮಾದರಿಗೂ ಅದರ ಒಡೆಯನು ಕಂಡ ಲೋಕಕ್ಕೂ ಅಂಗಾಂಗವಾಗಿ ಹೊಂದಿಕೆಯಿರಬೇಕೆಂದು ಇಲ್ಲಿ ವಿಧಿಸಲಾಗಿದೆ. ನೋಟವು ಮಾದರಿಯ ಕೆಲವು ಗುಣಗಳನ್ನು ಎತ್ತಿ ತೋರಿಸಿ ಕೆಲವನ್ನು ಅಡಗಿಸುವ ಒಂದು ಶೋಧಕ. ಅದು ಮಾದರಿಯನ್ನು ಪ್ರಶ್ನಿಸುವಾಗ ಮಾದರಿಯ ಪರಿಭಾಷೆಯಲ್ಲಿಯೇ ಪ್ರಶ್ನಿಸಬೇಕು. ಮೌಸು ಚಲಿಸಿತೆಂಬುದಾಗಲಿ, ಕೀಲಿಯು ಒತ್ತಲ್ಪಟ್ಟಿತೆಂಬುದಾಗಲಿ ನೋಟಕ್ಕೆ ತಿಳಿಯಕೂಡದು. ನಿಯಂತ್ರಕವು ನೋಟಗಳನ್ನು ಪರದೆಯಲ್ಲಿ ಅಣಿಗೊಳಿಸಿ, ಬಳಸುವವನ ಆಜ್ಞೆಗಳನ್ನು ಸ್ವೀಕರಿಸಿ ಕಳುಹಿಸತಕ್ಕದ್ದು. ಆದರೆ ನೋಟದಲ್ಲಿ ಇಲ್ಲದ ಗೆರೆಯೊಂದನ್ನೂ ಅದು ತಾನಾಗಿ ಎಳೆಯಕೂಡದು.

‘ಒಡೆಯನು ಕಂಡ ಲೋಕ’ ಎಂಬ ಭಾವವು ಗಮನಾರ್ಹವಾದುದು. ಮನುಷ್ಯನ ಮನಸ್ಸಿನಲ್ಲಿರುವ ಚಿತ್ರಕ್ಕೂ ಯಂತ್ರದಲ್ಲಿರುವ ಚಿತ್ರಕ್ಕೂ ನಡುವಣ ಅಂತರವನ್ನು ದಾಟಿಸುವುದೇ ಈ ರಚನೆಯ ಪರಮಪ್ರಯೋಜನವೆಂದು ರೇನ್ಸ್‌ಕೌಗನು ಮುಂದೆಯೂ ಸ್ಪಷ್ಟವಾಗಿ ಹೇಳಿದ್ದಾನೆ. ವಿಪುಲವಾದ ದತ್ತಾಂಶವು ಬಳಸುವವನ ಹಿಡಿತದಲ್ಲಿರಬೇಕು, ಅವನು ಅದನ್ನು ಹಲವು ಮಗ್ಗುಲುಗಳಿಂದ ನೋಡಿ ತಿದ್ದಲು ಶಕ್ತನಾಗಬೇಕು ಎಂಬುದಕ್ಕಾಗಿಯೇ ವಿಭಾಗವು ಏರ್ಪಟ್ಟಿತು. ದುರಸ್ತಿಯ ಸೌಕರ್ಯವು ಅದರ ಆನುಷಂಗಿಕ ಫಲ.

4. ಅರ್ಥದ ವ್ಯತ್ಯಾಸ

ರೇನ್ಸ್‌ಕೌಗನು ನಾರ್ವೆಗೆ ಹಿಂದಿರುಗಿದಮೇಲೆ ಜಿಮ್ ಆಲ್ಟಾಫ್ ಮೊದಲಾದವರು ಈ ವ್ಯವಸ್ಥೆಯನ್ನು ಸ್ಮಾಲ್‌ಟಾಕ್-80 ಭಾಷೆಗೆ ಅಳವಡಿಸಿದರು. ಆ ಕಾರ್ಯದಲ್ಲಿ ರೇನ್ಸ್‌ಕೌಗನ ಕೈ ಇರಲಿಲ್ಲ. ಇಲ್ಲಿ ಮಾದರಿಯು ತನ್ನನ್ನು ಆಶ್ರಯಿಸಿದ ನೋಟಗಳ ಸ್ವರೂಪವನ್ನು ಅರಿಯದು. ತನ್ನಲ್ಲಿ ಬದಲಾವಣೆಯಾಯಿತೆಂದು ಸಾರುತ್ತದೆ, ಅಷ್ಟೇ. ಆಶ್ರಿತವಾದ ಪ್ರತಿಯೊಂದು ನೋಟವೂ ಅದನ್ನು ಕೇಳಿ ತನ್ನನ್ನು ತಾನೇ ಹೊಸದಾಗಿ ಬರೆದುಕೊಳ್ಳುತ್ತದೆ. ಆದುದರಿಂದ ಮಾದರಿಯನ್ನು ಮುಟ್ಟದೆ ಎಷ್ಟು ನೋಟಗಳನ್ನಾದರೂ ಸೇರಿಸಬಹುದು. ಆದರೆ ನಿಯಂತ್ರಕದ ಅರ್ಥವು ಸಂಕೋಚಗೊಂಡಿತು. ಮೂಲದಲ್ಲಿ ಅದು ಹಲವು ನೋಟಗಳನ್ನು ಸೃಷ್ಟಿಸಿ ಒಂದುಗೂಡಿಸುವ ಸೂತ್ರಧಾರ. ಇಲ್ಲಿ ಒಂದೊಂದು ನೋಟಕ್ಕೂ ಒಂದೊಂದರಂತೆ ನಿಂತು ಮೌಸನ್ನೂ ಕೀಲಿಮಣೆಯನ್ನೂ ಗಮನಿಸುವ ದ್ವಾರಪಾಲಕ. 1988ರಲ್ಲಿ ಕ್ರಾಸ್ನರ್ ಮತ್ತು ಪೋಪ್ ಎಂಬವರು ಪ್ರಕಟಿಸಿದ ವಿವರಣಾತ್ಮಕ ಲೇಖನದಿಂದ ಲೋಕಕ್ಕೆ ಪರಿಚಯವಾದದ್ದು ಈ ಎರಡನೆಯ ರೂಪವೇ.

ವೆಬ್ ತಂತ್ರಾಂಶಗಳ ಕಾಲದಲ್ಲಿ ಇನ್ನೊಂದು ಪರಿವರ್ತನೆಯಾಯಿತು. ದತ್ತಾಂಶವು ದೂರದ ಗಣಕದಲ್ಲಿಯೂ ಪರದೆಯು ಓದುಗನ ಮನೆಯಲ್ಲಿಯೂ ಇರಲು, ಮೊದಲಿನ ವೆಬ್ ವ್ಯವಸ್ಥೆಯಲ್ಲಿ ಮಾದರಿಯ ಸಾರಿಕೆಯು ನೋಟವನ್ನು ಮುಟ್ಟುವಂತಿರಲಿಲ್ಲ. ಬಂದ ಕೋರಿಕೆಯನ್ನು ಓದಿ, ಮಾದರಿಯನ್ನು ಕೇಳಿ, ತಕ್ಕ ಪುಟವನ್ನು ಆರಿಸಿ ಕಳುಹಿಸುವುದೇ ನಿಯಂತ್ರಕದ ಕೆಲಸವಾಯಿತು. 2000ದ ಸ್ಟ್ರಟ್ಸ್, 2004ರ ರೂಬಿ ಆನ್ ರೈಲ್ಸ್ ಮುಂತಾದವು ಈ ಬಗೆಯವು. 2005ರಲ್ಲಿ ಪ್ರಕಟವಾದ ಜ್ಯಾಂಗೋ ಎಂಬುದರಲ್ಲಿ ‘ವ್ಯೂ’ ಎಂಬ ಪದವೇ ಸ್ಥಾನಪಲ್ಲಟವನ್ನು ಹೊಂದಿ, ಪುಟದ ಆಕಾರಕ್ಕೆ ‘ಟೆಂಪ್ಲೇಟ್’ ಎಂಬ ಹೆಸರು ಬಂದಿತು. ಒಂದೇ ಪದವು ಮೂರು ಪೀಳಿಗೆಗಳಲ್ಲಿ ಮೂರು ಅರ್ಥಗಳನ್ನು ತಾಳಿದುದು ಶಬ್ದಚರಿತ್ರೆಯನ್ನು ಬಲ್ಲವರಿಗೆ ಆಶ್ಚರ್ಯವಾಗಲಾರದು. ಆದರೆ ಮೊದಲರ್ಥದಲ್ಲಿದ್ದ ಬಳಸುವವನ ಸ್ಥಾನವು ಕಡೆಯ ಅರ್ಥದಲ್ಲಿ ಮಸುಕಾಗಿರುವುದನ್ನು ಗುರುತಿಸಬೇಕು.

5. ಕನ್ನಡ ಲಿಪಿಯ ನಿದರ್ಶನ

ಈ ವಿಭಾಗವನ್ನು ಮರೆತರೆ ಆಗುವ ಹಾನಿಗೆ ಕನ್ನಡದ ಗಣಕಲೇಖನದ ಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ. ಇದು ಮೇಲ್ಕಂಡ ಪರಂಪರೆಯಿಂದ ಹುಟ್ಟಿದುದಲ್ಲ. ತತ್ತ್ವವು ಮಾತ್ರ ಸಮಾನವಾದುದು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅನೇಕ ಫಾಂಟುಗಳು ಅಕ್ಷರದ ಬದಲು ಅಕ್ಷರದ ಆಕಾರಖಂಡಗಳನ್ನೇ ಕಡತದಲ್ಲಿ ಶೇಖರಿಸುತ್ತಿದ್ದವು. ‘ಅರ್ಕ’ ಎಂಬ ಪದದಲ್ಲಿ ರೇಫವು ಉಚ್ಚಾರಣೆಯಲ್ಲಿ ಮೊದಲು, ಬರವಣಿಗೆಯಲ್ಲಿ ಅನಂತರ. ಆಕಾರವನ್ನು ಶೇಖರಿಸಿದಾಗ ಕಕಾರವು ಮುಂದೆಯೂ ಅರ್ಕಾವೊತ್ತಿನ ಚಿಹ್ನೆಯು ಹಿಂದೆಯೂ ಕುಳಿತು, ಪದವು ಅಕಾರಾದಿಯಲ್ಲಿ ತನ್ನ ಸ್ಥಾನವನ್ನು ಕಳೆದುಕೊಳ್ಳುತ್ತಿತ್ತು, ಹುಡುಕಿದರೆ ಸಿಕ್ಕುತ್ತಿರಲಿಲ್ಲ. ಫಾಂಟು ಇಲ್ಲದ ಗಣಕದಲ್ಲಿ ಇಡೀ ಗ್ರಂಥವೇ ಅರ್ಥಶೂನ್ಯವಾದ ಚಿಹ್ನೆಗಳ ರಾಶಿಯಾಗುತ್ತಿತ್ತು. ನೋಟವೇ ದತ್ತಾಂಶವಾದುದರ ಪರಿಣಾಮವಿದು.

1988ರಲ್ಲಿ ರೂಪಿತವಾಗಿ 1991ರಲ್ಲಿ ಪರಿಷ್ಕೃತವಾದ ಇಸ್ಕಿ ಸಂಕೇತವೂ, 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡೂ ಅಕ್ಷರವನ್ನು ಆಕಾರದಿಂದ ಬೇರ್ಪಡಿಸಿದವು. ಇವುಗಳಲ್ಲಿ ರಕಾರ, ಹಲಂತಚಿಹ್ನೆ, ಕಕಾರ ಎಂಬ ಉಚ್ಚಾರಣಾಕ್ರಮವೇ ಶೇಖರಣೆಯ ಕ್ರಮ; ರೇಫವನ್ನು ಎಲ್ಲಿ ಬರೆಯಬೇಕೆಂಬುದು ಫಾಂಟಿಗೆ ಸೇರಿದ ವಿಚಾರ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಒತ್ತಿದರೂ, ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಒತ್ತಿದರೂ, ಉಳಿಯುವ ಪಠ್ಯ ಒಂದೇ. ಮಾದರಿ, ನೋಟ, ನಿಯಂತ್ರಕ ಮೂರೂ ಇಲ್ಲಿ ತಮ್ಮ ತಮ್ಮ ಸ್ಥಾನಗಳಲ್ಲಿವೆ.

6. ಉಪಸಂಹಾರ

ರೇನ್ಸ್‌ಕೌಗನು ತನ್ನ ಸೂತ್ರವನ್ನು ಪೂರ್ಣವೆಂದು ಭಾವಿಸಲಿಲ್ಲ. ದತ್ತಾಂಶವು ಏನೆಂಬುದನ್ನೂ ಅದು ಮಾಡುವ ಕಾರ್ಯವನ್ನೂ ಬೇರ್ಪಡಿಸಿ ತೋರಿಸುವ ಇನ್ನೊಂದು ರಚನೆಯನ್ನು ಜೇಮ್ಸ್ ಕೋಪ್ಲಿಯನ್ ಎಂಬಾತನೊಡನೆ 2009ರಲ್ಲಿ ಪ್ರತಿಪಾದಿಸಿದನು; 2024ರಲ್ಲಿ ಮೃತನಾದನು. ಆ ರಚನೆಯಲ್ಲಿಯೂ ಬಳಸುವವನ ಮನಶ್ಚಿತ್ರಕ್ಕೆ ಪ್ರಾಧಾನ್ಯವಿರುವುದನ್ನು ನೋಡಿದರೆ, ಮೊದಲಿನ ಟಿಪ್ಪಣಿಗಳ ಉದ್ದೇಶದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ನೋಟಗಳು ಕಾಲಕಾಲಕ್ಕೆ ಬದಲಾಗತಕ್ಕವು; ಕೀಲಿಮಣೆಗಳೂ ಪರದೆಗಳೂ ಹಳತಾಗತಕ್ಕವು. ಇವುಗಳ ಅಳಿವಿನೊಡನೆ ಮನುಷ್ಯನು ಕೂಡಿಟ್ಟ ವಿಷಯವೂ ಅಳಿಯಬಾರದೆಂದಾದರೆ, ಅದು ಇವುಗಳಲ್ಲಿ ಯಾವುದಕ್ಕೂ ಅಂಟಿಕೊಂಡಿರಕೂಡದು. ಗ್ರಂಥಗಳನ್ನೂ ಶಾಸನಪಾಠಗಳನ್ನೂ ಗಣಕದಲ್ಲಿ ಇಡುತ್ತಿರುವ ವಿದ್ವಾಂಸರಿಗೆ 1979ರ ಟಿಪ್ಪಣಿಗಳಿಂದ ದೊರೆಯುವ ವಿಧಿಯು ಇಷ್ಟೇ: ಪಾಠವನ್ನು ಪಾಠವಾಗಿಯೇ ಇಡತಕ್ಕದ್ದು, ಅದರ ಅಲಂಕಾರವನ್ನು ಬೇರೆಯಾಗಿ ಇಡತಕ್ಕದ್ದು.