ಪೂರ್ವಪ್ರತ್ಯಯ ಪರೀಕ್ಷೆ (ಪ್ರೋಗ್ರಾಮಿಂಗ್)

ಪೂರ್ವಪ್ರತ್ಯಯ ಪರೀಕ್ಷೆ ಎಂಬುದು ಒಂದು ಪಠ್ಯವು (ಸ್ಟ್ರಿಂಗ್) ಕೊಟ್ಟಿರುವ ಮತ್ತೊಂದು ಪಠ್ಯದಿಂದ ಆರಂಭವಾಗುತ್ತದೆಯೇ ಎಂಬುದನ್ನು ನಿರ್ಧರಿಸುವ ಪ್ರೋಗ್ರಾಮಿಂಗ್ ಕ್ರಿಯೆ. ಇದರ ಫಲಿತಾಂಶ ‘ಸರಿ’ ಅಥವಾ ‘ತಪ್ಪು’ ಎಂಬ ಎರಡರಲ್ಲಿ ಒಂದಾಗಿರುತ್ತದೆ. ಉದಾಹರಣೆಗೆ, ‘ಬೆಂಗಳೂರು’ ಎಂಬ ಪಠ್ಯವು ‘ಬೆಂಗ’ ಎಂಬುದರಿಂದ ಆರಂಭವಾಗುತ್ತದೆ. ‘ಊರು’ ಎಂಬುದರಿಂದ ಆರಂಭವಾಗುವುದಿಲ್ಲ. ಇಲ್ಲಿ ‘ಪೂರ್ವಪ್ರತ್ಯಯ’ ಎಂದರೆ ವ್ಯಾಕರಣದ ಪ್ರತ್ಯಯವಲ್ಲ. ಪಠ್ಯದ ಆರಂಭದಲ್ಲಿರುವ ಯಾವುದೇ ಭಾಗಕ್ಕೆ ಈ ಹೆಸರು ಸಲ್ಲುತ್ತದೆ. ಕ್ರಿಯೆಯು ಸರಳವಾಗಿದ್ದರೂ, ಯಾವ ಘಟಕಗಳನ್ನು ಹೋಲಿಸಲಾಗುತ್ತದೆ ಮತ್ತು ಪೂರ್ವಪ್ರತ್ಯಯವು ಎಲ್ಲಿ ಮುಗಿಯುತ್ತದೆ ಎಂಬುದನ್ನು ಅವಲಂಬಿಸಿ ಫಲಿತಾಂಶ ಬದಲಾಗಬಹುದು.

ಕಾರ್ಯವಿಧಾನ

ಮೊದಲು ಎರಡು ಪಠ್ಯಗಳ ಉದ್ದವನ್ನು ಹೋಲಿಸಲಾಗುತ್ತದೆ. ಪೂರ್ವಪ್ರತ್ಯಯವೇ ಉದ್ದವಾಗಿದ್ದರೆ ಉತ್ತರ ‘ತಪ್ಪು’. ಇಲ್ಲವಾದರೆ ಮೊದಲ ಸ್ಥಾನದಿಂದ ಒಂದೊಂದೇ ಘಟಕವನ್ನು ಹೋಲಿಸುತ್ತಾ ಹೋಗಿ, ವ್ಯತ್ಯಾಸ ಕಂಡೊಡನೆ ನಿಲ್ಲಿಸಲಾಗುತ್ತದೆ. ಆದ್ದರಿಂದ ಹೋಲಿಕೆಗಳ ಸಂಖ್ಯೆಯು ಪೂರ್ವಪ್ರತ್ಯಯದ ಉದ್ದವನ್ನು ಮೀರುವುದಿಲ್ಲ. ಮೂಲ ಪಠ್ಯವು ಎಷ್ಟೇ ದೀರ್ಘವಾಗಿದ್ದರೂ ಕೆಲಸ ಹೆಚ್ಚುವುದಿಲ್ಲ. ಪಠ್ಯದೊಳಗೆ ಹುಡುಕುವ ಕ್ರಿಯೆಯನ್ನು ಬಳಸಿ, ಸಿಕ್ಕ ಸ್ಥಾನ ಸೊನ್ನೆಯೇ ಎಂದು ನೋಡುವುದು ಇನ್ನೊಂದು ವಿಧಾನ. ಇದರ ಉತ್ತರ ಸರಿಯೇ ಆದರೂ, ಆರಂಭದಲ್ಲಿ ಹೊಂದಾಣಿಕೆ ಇಲ್ಲದಿದ್ದಾಗ ಇಡೀ ಪಠ್ಯವನ್ನು ವೃಥಾ ಶೋಧಿಸಬೇಕಾಗಬಹುದು.

ವ್ಯಾಖ್ಯಾನದ ಪ್ರಕಾರ ಪ್ರತಿಯೊಂದು ಪಠ್ಯವೂ ತನಗೆ ತಾನೇ ಪೂರ್ವಪ್ರತ್ಯಯ. ಖಾಲಿ ಪಠ್ಯವು ಎಲ್ಲ ಪಠ್ಯಗಳಿಗೂ ಪೂರ್ವಪ್ರತ್ಯಯ. ಹೀಗಾಗಿ ಬಳಕೆದಾರರು ಏನನ್ನೂ ನಮೂದಿಸದೆ ಹುಡುಕಿದರೆ ಪಟ್ಟಿಯ ಎಲ್ಲ ನಮೂದುಗಳೂ ಹೊಂದಿಕೆಯಾಗುತ್ತವೆ. ಇದು ಬೇಡವಾದಲ್ಲಿ ಖಾಲಿ ಪಠ್ಯವನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ

ಸಿ ಭಾಷೆಯಲ್ಲಿ ಇದಕ್ಕೆ ಪ್ರತ್ಯೇಕ ಫಂಕ್ಷನ್ ಇಲ್ಲ. ನಿಗದಿತ ಉದ್ದದವರೆಗೆ ಹೋಲಿಸುವ ‘ಸ್ಟ್ರ್‌ಎನ್‌ಸಿಎಂಪಿ’ಯನ್ನು ಬಳಸುವುದು ರೂಢಿ. ಜಾವಾ ಮತ್ತು ಪೈಥಾನ್‌ಗಳಲ್ಲಿ ‘ಸ್ಟಾರ್ಟ್ಸ್‌ವಿತ್’, ಗೋ ಭಾಷೆಯಲ್ಲಿ ‘ಹ್ಯಾಸ್‌ಪ್ರಿಫಿಕ್ಸ್’ ಎಂಬ ಹೆಸರಿನ ಸಿದ್ಧ ಸೌಲಭ್ಯಗಳಿವೆ. ಜಾವಾಸ್ಕ್ರಿಪ್ಟ್‌ಗೆ ಇದು 2015ರ ಎಕ್ಮಾಸ್ಕ್ರಿಪ್ಟ್ ಮಾನದಂಡದೊಂದಿಗೆ ಬಂದಿತು. ಸಿ++ನಲ್ಲಿ ಸಿ++20 ಮಾನದಂಡವೂ, ಪಿಎಚ್‌ಪಿಯಲ್ಲಿ 2020ರ 8.0 ಆವೃತ್ತಿಯೂ ಇದನ್ನು ಸೇರಿಸಿದವು.

ಪೈಥಾನ್‌ನಲ್ಲಿ ಹಲವು ಪೂರ್ವಪ್ರತ್ಯಯಗಳನ್ನು ಒಂದು ಟಪಲ್ ಆಗಿ ಕೊಟ್ಟು ಒಂದೇ ಬಾರಿಗೆ ಪರೀಕ್ಷಿಸಬಹುದು. ಪಠ್ಯವನ್ನು ಕತ್ತರಿಸಿ ಹೋಲಿಸುವುದಕ್ಕಿಂತ ಈ ಸಿದ್ಧ ಸೌಲಭ್ಯವನ್ನೇ ಬಳಸಬೇಕೆಂದು ಆ ಭಾಷೆಯ ಶೈಲಿ ಕೈಪಿಡಿಯಾದ ಪೆಪ್ 8 ಸೂಚಿಸುತ್ತದೆ. ಕತ್ತರಿಸುವಾಗ ಉದ್ದವನ್ನು ಕೈಯಿಂದ ಎಣಿಸಿ ಬರೆಯಬೇಕಾಗುವುದರಿಂದ ಅಲ್ಲಿ ತಪ್ಪಿಗೆ ಆಸ್ಪದವಿದೆ. ಸಿ ಶಾರ್ಪ್‌ನಲ್ಲಿ ಪಠ್ಯವನ್ನು ಮಾತ್ರ ಕೊಟ್ಟು ಪರೀಕ್ಷಿಸಿದರೆ, ಗಣಕದಲ್ಲಿ ಆಯ್ದ ಪ್ರದೇಶ ಮತ್ತು ಭಾಷೆಯ ನಿಯಮಗಳಂತೆ ಹೋಲಿಕೆ ನಡೆಯುತ್ತದೆ. ಕಡತದ ಹೆಸರು, ಸಂಕೇತ ಮುಂತಾದವುಗಳಿಗೆ ‘ಆರ್ಡಿನಲ್’ ಹೋಲಿಕೆಯನ್ನು ಸ್ಪಷ್ಟವಾಗಿ ಕೇಳುವುದು ಉಚಿತ.

ಕನ್ನಡ ಪಠ್ಯ ಮತ್ತು ಯೂನಿಕೋಡ್

ಓದುಗರು ಒಂದು ಅಕ್ಷರವೆಂದು ಗ್ರಹಿಸುವುದು ಯೂನಿಕೋಡ್‌ನಲ್ಲಿ ಹಲವು ಸಂಕೇತಬಿಂದುಗಳಾಗಿರಬಹುದು. ‘ಕನ್ನಡ’ ಎಂಬ ಪದವು ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಬಿಂದುಗಳಾಗಿ ಸಂಗ್ರಹವಾಗುತ್ತದೆ. ಸಂಕೇತಬಿಂದುಗಳನ್ನು ಹೋಲಿಸುವ ಭಾಷೆಗಳಲ್ಲಿ ‘ಕನ್ನಡ’ವು ‘ಕನ’ದಿಂದ ಆರಂಭವಾಗುತ್ತದೆ ಎಂಬ ಉತ್ತರವೇ ಬರುತ್ತದೆ, ಓದುಗರ ದೃಷ್ಟಿಯಲ್ಲಿ ಎರಡನೆಯ ಅಕ್ಷರ ‘ನ್ನ’, ‘ನ’ ಅಲ್ಲ.

ಒಂದೇ ರೀತಿ ಕಾಣುವ ಪಠ್ಯಕ್ಕೆ ಎರಡು ಸಂಗ್ರಹ ರೂಪಗಳಿರುವುದೂ ಉಂಟು. ‘ಕೋಲಾರ’ದ ‘ಕೋ’ ಎಂಬುದರ ಸ್ವರಚಿಹ್ನೆಯು ಸಂಯೋಜಿತ ರೂಪದಲ್ಲಿ (ಎನ್‌ಎಫ್‌ಸಿ) ಒಂದೇ ಸಂಕೇತಬಿಂದು. ವಿಭಜಿತ ರೂಪದಲ್ಲಿ (ಎನ್‌ಎಫ್‌ಡಿ) ಎಕಾರ, ಊಕಾರ ಮತ್ತು ದೀರ್ಘಚಿಹ್ನೆ ಎಂಬ ಮೂರು. ಪಠ್ಯವು ವಿಭಜಿತ ರೂಪದಲ್ಲಿದ್ದು ಹುಡುಕುವ ‘ಕೋ’ ಸಂಯೋಜಿತ ರೂಪದಲ್ಲಿದ್ದರೆ ಹೊಂದಾಣಿಕೆ ಸಿಗುವುದಿಲ್ಲ. ಅದೇ ಪಠ್ಯವು ‘ಕೆ’ಯಿಂದ ಆರಂಭವಾಗುತ್ತದೆ ಎಂಬ ತಪ್ಪು ಉತ್ತರವೂ ಬರುತ್ತದೆ. ಪರೀಕ್ಷೆಗೆ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು, ಅದರಲ್ಲೂ ಸಂಯೋಜಿತ ರೂಪಕ್ಕೆ ತರುವುದು, ಇದಕ್ಕೆ ಪರಿಹಾರ. ಸ್ವಿಫ್ಟ್ ಭಾಷೆಯು ಇಂತಹ ಸಮಾನ ರೂಪಗಳನ್ನು ತಾನಾಗಿಯೇ ಒಂದೆಂದು ಪರಿಗಣಿಸುತ್ತದೆ.

‘ರಾಜ್‌ಕುಮಾರ್’ ಎಂಬಂತಹ ಪದಗಳಲ್ಲಿ ಒತ್ತಕ್ಷರವನ್ನು ತಪ್ಪಿಸಲು ಬಳಸುವ ಅಗೋಚರ ಚಿಹ್ನೆಯೂ ಒಂದು ಸಂಕೇತಬಿಂದುವೇ. ಮೇಲಿನ ರೂಪಾಂತರವು ಅದನ್ನು ತೆಗೆದುಹಾಕುವುದಿಲ್ಲ. ಆದ್ದರಿಂದ ಹೆಸರುಗಳ ಹುಡುಕಾಟದಲ್ಲಿ ಅದನ್ನು ಪ್ರತ್ಯೇಕವಾಗಿ ನಿರ್ವಹಿಸಬೇಕಾಗುತ್ತದೆ.

ಗಡಿ ಮತ್ತು ಭದ್ರತೆ

ಪೂರ್ವಪ್ರತ್ಯಯ ಪರೀಕ್ಷೆಯನ್ನು ಪ್ರವೇಶ ನಿಯಂತ್ರಣಕ್ಕೆ ಬಳಸಿದಾಗ ಸಣ್ಣ ಲೋಪವೂ ಭದ್ರತಾ ದೋಷವಾಗುತ್ತದೆ. ಬಳಕೆದಾರರೊಬ್ಬರಿಗೆ ‘/ಕಡತ/ರಾಮ’ ಎಂಬ ಫೋಲ್ಡರ್‌ಗೆ ಮಾತ್ರ ಅನುಮತಿ ಇದೆ ಎಂದುಕೊಳ್ಳೋಣ. ಕೇವಲ ಪಠ್ಯವನ್ನು ಪರೀಕ್ಷಿಸಿದರೆ ‘/ಕಡತ/ರಾಮಯ್ಯ’ ಎಂಬ ಬೇರೊಬ್ಬರ ಫೋಲ್ಡರ್ ಕೂಡ ಹೊಂದಿಕೆಯಾಗುತ್ತದೆ. ‘/ಕಡತ/ರಾಮ/../ಸೀತಾ’ ಎಂಬ ಮಾರ್ಗವೂ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ, ಆದರೆ ತಲುಪುವುದು ಸೀತಾ ಎಂಬ ಫೋಲ್ಡರ್ ಅನ್ನು. ಆದುದರಿಂದ ಮೊದಲು ಮಾರ್ಗವನ್ನು ಅದರ ಅಂತಿಮ ರೂಪಕ್ಕೆ ತಂದು, ಬಳಿಕ ಹೆಸರುಗಳನ್ನು ಒಂದೊಂದಾಗಿ ಹೋಲಿಸಬೇಕು. ಜಾವಾದ ‘ಪಾತ್’ ವರ್ಗದಲ್ಲಿರುವ ‘ಸ್ಟಾರ್ಟ್ಸ್‌ವಿತ್’ ಹೀಗೆ ಹೆಸರುಗಳನ್ನೇ ಘಟಕವಾಗಿ ಹೋಲಿಸುತ್ತದೆ. ಜಾಲತಾಣದ ವಿಳಾಸಗಳನ್ನು ಪರೀಕ್ಷಿಸುವಾಗಲೂ ಇದೇ ಎಚ್ಚರ ಅಗತ್ಯ.

ಉಪಯೋಗಗಳು

ಕರ್ನಾಟಕದ ಪಿನ್ ಕೋಡ್‌ಗಳು 56ರಿಂದ 59ರವರೆಗಿನ ಅಂಕಿಗಳಿಂದ ಆರಂಭವಾಗುತ್ತವೆ. ವಿಳಾಸಗಳನ್ನು ವಿಂಗಡಿಸಲು ಈ ಪರೀಕ್ಷೆ ನೆರವಾಗುತ್ತದೆ. ಇಂತಹ ಸಂಕೇತಗಳನ್ನು ಪಠ್ಯವಾಗಿಯೇ ಉಳಿಸಬೇಕು. ಬೆಂಗಳೂರಿನ ಎಸ್‌ಟಿಡಿ ಸಂಕೇತವಾದ 080 ಅನ್ನು ಸಂಖ್ಯೆಯಾಗಿ ಉಳಿಸಿದರೆ ಮೊದಲ ಸೊನ್ನೆ ಬಿಟ್ಟುಹೋಗಿ ಪರೀಕ್ಷೆ ವಿಫಲವಾಗುತ್ತದೆ.

ಅಸಂಖ್ಯ ಪದಗಳಲ್ಲಿ ನಿರ್ದಿಷ್ಟ ಆರಂಭವುಳ್ಳವನ್ನು ಆರಿಸಬೇಕಾದಾಗ ಒಂದೊಂದನ್ನೂ ಪರೀಕ್ಷಿಸುವುದು ನಿಧಾನ. ಪದಗಳು ಅಕಾರಾದಿಯಾಗಿದ್ದರೆ ಅಂತಹವು ಒಂದೇ ಕಡೆ ಸಾಲಾಗಿರುವುದರಿಂದ ದ್ವಿಮಾನ ಶೋಧನೆ ಸಾಕಾಗುತ್ತದೆ. ಸಾಮಾನ್ಯ ಆರಂಭವನ್ನು ಒಮ್ಮೆ ಮಾತ್ರ ಸಂಗ್ರಹಿಸುವ ‘ಟ್ರೈ’ ಎಂಬ ದತ್ತಾಂಶ ರಚನೆಯೂ ಇದೆ. ಇದಕ್ಕೆ ಈ ಹೆಸರನ್ನು 1960ರಲ್ಲಿ ಎಡ್ವರ್ಡ್ ಫ್ರೆಡ್ಕಿನ್ ನೀಡಿದರು. ಪದಪೂರಣ ಸೌಲಭ್ಯಗಳಲ್ಲಿಯೂ, ಅಂತರಜಾಲದ ರೌಟರ್‌ಗಳು ಅತಿ ಉದ್ದದ ಪೂರ್ವಪ್ರತ್ಯಯವನ್ನು ಹೊಂದಿಸಿ ದತ್ತಾಂಶದ ಮಾರ್ಗವನ್ನು ನಿರ್ಧರಿಸುವಲ್ಲಿಯೂ ಈ ಬಗೆಯ ರಚನೆಗಳು ಬಳಕೆಯಲ್ಲಿವೆ.